ಪಟ್ಟದ ಗೊಂಬೆಗೆ ಚಾಮರ

ಎಲ್ಲಕ್ಕೂ ಕಾರಣ ಮನೋರಮಾ ಹೋದ ವರ್ಷ ಆಡಿದ ಒಂದು ಮಾತು. ಉಷಾ ಕೂರಿಸಿದ್ದ ದಸರಾ ಗೊಂಬೆಗಳನ್ನು ನೋಡಲು ಎರಡನೆಯ ಮಹಡಿಯಿಂದ ಮೂರನೆಯ ಮಹಡಿಗೆ ಹತ್ತಿ ಬಂದಿದ್ದ ಆಕೆ, ಕಡಲೆಕಾಳಿನ ಉಸಲಿ ಮೆಲ್ಲುತ್ತಾ, "ಎಲ್ಲಾ ಚೆನ್ನಾಗಿದೆ ಉಷಾ, ಆದ್ರೆ ರಾಜಾರಾಣಿ ಎಲ್ಲಿದ್ದಾರೆ ಅಂತ ಟಾರ್ಚ್ ಹಾಕಿ ಹುಡುಕ್ಬೇಕು ನೋಡಿ" ಎಂದಿದ್ದರು. ಜೊತೆಗೆ ಬಂದಿದ್ದ ಕನ್ನಡ ಸಂಘದ ಹೆಂಗಸರೆಲ್ಲ ನಕ್ಕರು. ಉಷಾ ಕೂಡ ನಕ್ಕಳು. ಆದರೆ ಆ ರಾತ್ರಿ ಅವಳು ಪಾತ್ರೆಗಳನ್ನು ಕುಕ್ಕಿ ಕುಕ್ಕಿ ತೊಳೆದಳು. ಅದನ್ನು ಗಂಡ ಇಂದುಶೇಖರ ಗಮನಿಸಿದ್ದ.

ಮನೋರಮಾ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ದೆಹಲಿಯ ಜನಕಪುರಿಯ ಆ ಪುಟ್ಟ ಮನೆಯಲ್ಲಿ ಗೊಂಬೆಯ ಮೆಟ್ಟಿಲು ಇಡಲು ಇದ್ದದ್ದು ಒಂದೇ ಜಾಗ, ಹಾಲ್‌ನ ಮೂಲೆ. ಅದರ ಮೇಲೆ ಚಳಿಗಾಲದ ರಜಾಯಿ, ಕೂಲರ್, ಹಳೆಯ ಸೂಟ್‌ಕೇಸುಗಳನ್ನು ತುಂಬಿದ ಅಟ್ಟ. ಟ್ಯೂಬ್‌ಲೈಟಿನ ಬೆಳಕು ಕೆಳಗಿನ ಮೆಟ್ಟಿಲ ಮೇಲಿದ್ದ ತರಕಾರಿ ಅಂಗಡಿಯ ಶೆಟ್ಟಿಯನ್ನು ಚೆನ್ನಾಗಿ ಬೆಳಗುತ್ತಿತ್ತು. ಎಲ್ಲಕ್ಕಿಂತ ಮೇಲೆ, ಅಟ್ಟದ ನೆರಳಿನಲ್ಲಿ ಕೂತ ಪಟ್ಟದ ಗೊಂಬೆಗಳು ಮಾತ್ರ ಕತ್ತಲಲ್ಲಿ ಉಳಿಯುತ್ತಿದ್ದವು. ಮದುವೆಯಲ್ಲಿ ಉಷಾಳ ತಾಯಿ ಕೊಟ್ಟ ಜೋಡಿ ಅದು. ಎರಡು ದಿನದ ರೈಲು ಪ್ರಯಾಣದಲ್ಲಿ ಉಷಾ ಅದನ್ನು ಮಡಿಲಿನಿಂದ ಕೆಳಗಿಳಿಸಿರಲಿಲ್ಲ. ತಾಯಿ ಈಗಿಲ್ಲ. ರಾಜಾರಾಣಿ ಮಾತ್ರ ಪ್ರತಿ ವರ್ಷ ಹೊಸ ಸೀರೆ, ಹೊಸ ಪೇಟ ತೊಟ್ಟು ಕತ್ತಲಲ್ಲಿ ದರ್ಬಾರು ನಡೆಸುತ್ತಿದ್ದರು.

ಈ ವರ್ಷ ಹಾಗಾಗಬಾರದು ಎಂದು ಉಷಾ ನಿರ್ಧರಿಸಿದ್ದಳು. ಸಂಘದ ಗೊಂಬೆ ಸ್ಪರ್ಧೆಯಲ್ಲಿ ಮೂರು ವರ್ಷದಿಂದ ಮನೋರಮಾ ಅವರಿಗೇ ಬಹುಮಾನ. ತೀರ್ಪುಗಾರ್ತಿ ಪೀತಮ್‌ಪುರದ ವಿಜಯಮ್ಮ. ದೆಹಲಿಯ ಕನ್ನಡಿಗರಲ್ಲಿ ಅವರ ಮಾತಿಗೆ ಎದುರಿಲ್ಲ. ಮಂಡಿಯ ಆಪರೇಷನ್ ಆಗಿ ಮೆಟ್ಟಿಲು ಹತ್ತಲಾರದ ಅವರು, ಈ ಸಲ ಎಲ್ಲರ ಗೊಂಬೆಗಳನ್ನೂ ಭಾನುವಾರ ಸಂಜೆ ವಿಡಿಯೋ ಕಾಲ್‌ನಲ್ಲೇ ನೋಡುವುದಾಗಿ ತಿಳಿಸಿದ್ದರು.

"ರೀ, ತಿಲಕ್ ನಗರದ ಮಾರ್ಕೆಟ್‌ಗೆ ಹೋಗಿ ಒಂದು ಲೈಟಿನ ಸರ ತಂದ್ಬಿಡಿ. ರಾಜಾರಾಣಿ ಹಿಂದೆ ಹಾಕಿದ್ರೆ ಸಾಕು" ಎಂದು ಭಾನುವಾರ ಬೆಳಿಗ್ಗೆ ಉಷಾ ಹೇಳಿದಳು.

"ಸರ?" ಎಂದ ಇಂದುಶೇಖರ, ಅವಳು ಊಟಕ್ಕೆ ಹೋಟೆಲಿನಿಂದ ಅನ್ನ ತರಿಸು ಅಂದಿದ್ದಾಳೇನೋ ಎಂಬಂತೆ.

ಇಂದುಶೇಖರ ವೃತ್ತಿಯಿಂದ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಸೆಕ್ಷನ್ ಆಫೀಸರ್. ಸ್ವಭಾವದಿಂದ ಸ್ಕ್ರೂ ಕಂಡಲ್ಲಿ ಬಿಚ್ಚುವವನು. ಒಳಗೆ ಏನಿದೆ ಎಂದು ತಿಳಿಯುವ ಕುತೂಹಲದಲ್ಲಿ ಅವನು ಈವರೆಗೆ ಎರಡು ಮಿಕ್ಸಿ, ಒಂದು ಗೀಸರ್ ಮತ್ತು ಮಾವ ಕೊಟ್ಟ ಗೋಡೆ ಗಡಿಯಾರವನ್ನು ಬಿಚ್ಚಿದ್ದ. ಜೋಡಿಸಿದ ಮೇಲೆ ಗಡಿಯಾರ ಮಾತ್ರ ನಡೆಯಿತು, ಹಿಂದಕ್ಕೆ. ಈಗ ಒಂದು ತಿಂಗಳಿಂದ ಅವನು ಹೇಳಿದಂತೆ ದೀಪ ಉರಿಸಿ ಆರಿಸುವ, ಬೆರಳುದ್ದದ ಒಂದು ಮೈಕ್ರೋಕಂಟ್ರೋಲರ್ ಚಿಪ್ಪು ಇಟ್ಟುಕೊಂಡು, ಥರ್ಮೋಕೋಲಿನ ಪ್ರಭಾವಳಿಗೆ ಹತ್ತು ಸಾಲು ಎಲ್‌ಇಡಿ ಚುಚ್ಚಿ ಕೂತಿದ್ದ.

"ಹತ್ತು ಸಾಲೂ ಒಟ್ಟಿಗೆ ಉರಿಯಲ್ಲ. ಒಂದು ಕ್ಷಣಕ್ಕೆ ಒಂದೇ ಸಾಲು. ಆದ್ರೆ ಎಷ್ಟು ಬೇಗ ಬದಲಾಗುತ್ತೆ ಅಂದ್ರೆ, ಕಣ್ಣಿಗೆ ಎಲ್ಲಾ ಒಟ್ಟಿಗೆ ಉರಿದ ಹಾಗೇ ಕಾಣುತ್ತೆ" ಎಂದು ಅವನು ವಿವರಿಸಿದ.

"ನಿಮ್ಮ ಆಫೀಸಿನ ಹಾಗೆ" ಎಂದಳು ಉಷಾ.

ಆ ಮಾತನ್ನು ಅವನು ಕೇಳಿಸಿಕೊಳ್ಳಲಿಲ್ಲ. "ಹತ್ತರಲ್ಲಿ ಒಂದು ಪಾಲು ಹೊತ್ತು ಮಾತ್ರ ಉರಿದ್ರೆ ಬೆಳಕು ಮಂಕಾಗುತ್ತಲ್ಲ? ಅದಕ್ಕೇ ಉರಿಯೋ ಆ ಕ್ಷಣದಲ್ಲಿ ಐದು ಪಟ್ಟು ಕರೆಂಟ್ ಕೊಡ್ತೀನಿ."

"ಐದು ಪಟ್ಟು ಕೊಟ್ರೆ ಸುಟ್ಟುಹೋಗಲ್ವಾ?"

"ನೀನು ರೊಟ್ಟಿ ಮಗುಚುವಾಗ ಕಾವಲಿಗೆ ಬೆರಳು ತಾಗಿಸ್ತೀಯಲ್ಲ. ಸುಡುತ್ತಾ?"

"ತಾಗಿದ ತಕ್ಷಣ ತೆಗೀತೀನಿ."

"ಇದೂ ಅಷ್ಟೇ! ತಾಗಿಸಿ ತೆಗೆಯೋದು. ಮತ್ತೆ ತಾಗಿಸೋ ಹೊತ್ತಿಗೆ ತಣ್ಣಗಾಗಿರುತ್ತೆ."

ಉಷಾ ಸ್ವಲ್ಪ ಯೋಚಿಸಿದಳು. "ತೆಗೆಯೋದು ಮರೆತ್ರೆ?"

"ಮನುಷ್ಯರು ಮರೀತಾರೆ. ಇದು ಮರೆಯಲ್ಲ" ಎಂದು ಇಂದುಶೇಖರ ಆ ಪುಟ್ಟ ಚಿಪ್ಪಿನ ಬೆನ್ನು ತಟ್ಟಿದ. ಒಂದು ಸರ ಎಲ್ಲ ಕೆಲಸವನ್ನೂ ಮಾಡುವಾಗ ಇಷ್ಟೆಲ್ಲ ಯಾಕೆ ಎಂದು ನೀವು ಕೇಳಬಹುದು. ಉಷಾ ಇಪ್ಪತ್ತು ವರ್ಷ ಸಂಸಾರ ಮಾಡಿದವಳು, ಕೇಳಲಿಲ್ಲ.

ಪ್ರಭಾವಳಿ ಬೆಳಗಿತು. ಇಂದುಶೇಖರ ಅದರ ವೇಗವನ್ನು ಲ್ಯಾಪ್‌ಟಾಪಿನಿಂದ ಏರಿಸುತ್ತ ಇಳಿಸುತ್ತ, ಯಾವ ವೇಗಕ್ಕೆ ಕಣ್ಣು ಮೋಸಹೋಗುತ್ತದೆ ಎಂದು ಪರೀಕ್ಷಿಸುತ್ತಿದ್ದ. ಅಷ್ಟರಲ್ಲಿ ಕರೆಗಂಟೆ ಬಾರಿಸಿ ಒಳಗೆ ಬಂದವರು ಮನೋರಮಾ ಅವರ ಗಂಡ ಜಗನ್ನಾಥ. ಆಡಿಟ್ ಇಲಾಖೆಯಿಂದ ನಿವೃತ್ತರಾದ ಮೇಲೆ ನೋಡಲು ಫೈಲುಗಳಿಲ್ಲದೆ, ಅವರು ದಿನಕ್ಕೆ ಒಂದು ಮನೆಯ ತಪಾಸಣೆ ನಡೆಸುತ್ತಿದ್ದರು.

"ಏನ್ರೀ ಇದು ಇಂದುಶೇಖರ್, ಇಷ್ಟೊಂದು ತಂತಿ? ನಾನು ನಿನ್ನೆ ಒಂದು ಸರ ತಂದೆ, ಮೊಳೆ ಹೊಡೆದೆ, ನೇತುಹಾಕಿದೆ. ಮುಗೀತು" ಎಂದರು. ಅನಂತರ ಉಷಾ ಕೊಟ್ಟ ಕಾಫಿ ಲೋಟ ಇಡಲು ಜಾಗ ಹುಡುಕಿದರು. ಮೇಜಿನ ಮೇಲೆಲ್ಲ ತಂತಿ. ಸಮತಟ್ಟಾಗಿ ಕಂಡದ್ದು ಲ್ಯಾಪ್‌ಟಾಪ್ ಒಂದೇ. ಅದನ್ನು ನಯವಾಗಿ ಮುಚ್ಚಿ, ಅದರ ಮೇಲೆ ಲೋಟ ಇಟ್ಟರು.

ಲ್ಯಾಪ್‌ಟಾಪಿನಿಂದ ಬರುವ ಮಾತಿಗಾಗಿ ಕಾಯುವಂತೆ ಆ ಚಿಪ್ಪಿಗೆ ಕಲಿಸಿದವನು ಇಂದುಶೇಖರನೇ. ಮಾತು ನಿಂತಿತು. ಒಳ್ಳೆಯ ಗುಮಾಸ್ತನಂತೆ ಚಿಪ್ಪು ಮುಂದಿನ ಅಪ್ಪಣೆ ಬರುವವರೆಗೆ ಇದ್ದಲ್ಲೇ ನಿಂತಿತು, ಏಳನೆಯ ಸಾಲಿನ ಬೆರಳನ್ನು ಕಾವಲಿಯ ಮೇಲೇ ಇಟ್ಟುಕೊಂಡು.

ಏಳನೆಯ ಸಾಲು ಮೊದಲು ಕಣ್ಣು ಕೋರೈಸುವಂತೆ ಬೆಳಗಿತು. "ಆಹಾ, ಇದು ಚೆನ್ನಾಗಿದೆ ನೋಡಿ!" ಎಂದರು ಜಗನ್ನಾಥ. ಆಮೇಲೆ ಅದು ನೀಲಿಯಾಯಿತು, ಮಂಕಾಯಿತು, ಸಣ್ಣಗೆ ಚಟ್ ಎಂದಿತು. ಥರ್ಮೋಕೋಲು ಸುಟ್ಟ ವಾಸನೆ ಬಾಗಿಲು ದಾಟಿ ಮೆಟ್ಟಿಲಿಳಿದು ಹೋಯಿತು.

ಆ ವಾಸನೆ ಮೊದಲು ತಲುಪಿದ್ದು ನೆಲಮಹಡಿಯ ಬತ್ರಾ ಅವರಿಗೆ. ಕಾಲೋನಿಯ ನಿವಾಸಿಗಳ ಸಂಘಕ್ಕೆ ಅವರೇ ಅಧ್ಯಕ್ಷರು. ಇಡೀ ಕಟ್ಟಡದ ಕರೆಂಟಿನ ಮೀಟರ್‌ಗಳು ಅವರ ಬಾಗಿಲ ಪಕ್ಕದಲ್ಲೇ ಇದ್ದುದರಿಂದ, ದೇವರು ಅವುಗಳ ಕಾವಲನ್ನು ತಮಗೇ ವಹಿಸಿದ್ದಾನೆಂದು ಅವರು ನಂಬಿದ್ದರು. "ಆಗ್! ಆಗ್!" ಎಂದು, ಬೆಂಕಿ ಬಿದ್ದೇಬಿಟ್ಟಿತೆಂಬಂತೆ ಕೂಗುತ್ತಾ ಅವರು ಎಲ್ಲ ಮಹಡಿಗಳ ಮೇನ್ ಸ್ವಿಚ್ಚನ್ನೂ ಒಂದೇ ಕೈಯಲ್ಲಿ ಕೆಳಗೆಳೆದರು.

ಎರಡನೆಯ ಮಹಡಿಯಲ್ಲಿ ಮನೋರಮಾ ಅವರ ಮಿಕ್ಸಿ ಹೂರಣ ರುಬ್ಬುವ ಮಧ್ಯದಲ್ಲೇ ನಿಂತಿತು. ಕೈಗೆ ಹೂರಣ ಮೆತ್ತಿಕೊಂಡೇ ಆಕೆ ಮೇಲೆ ಬಂದರು. ಹಿಂದೆಯೇ ಏದುಸಿರು ಬಿಡುತ್ತಾ ಬತ್ರಾ.

"ಇಂದು ಜೀ, ಕ್ಯಾ ಜಲಾಯಾ?"

"ಸುಟ್ಟಿದ್ದು ಒಂದು ಎಲ್‌ಇಡಿ ಸಾಲು, ಬತ್ರಾ ಜೀ. ಪುಟ್ಟದು."

"ಆಜ್ ಪುಟ್ಟದು, ನಾಳೆ ಬಿಲ್ಡಿಂಗ್!" ಎಂದರು ಬತ್ರಾ. ಇಪ್ಪತ್ತು ವರ್ಷದಿಂದ ಕನ್ನಡಿಗರ ನೆರೆಯಲ್ಲಿದ್ದ ಅವರಿಗೆ ಬೇಕಾದಷ್ಟು ಕನ್ನಡ ಬರುತ್ತಿತ್ತು. ಇದು ಸುಡುವುದಿಲ್ಲ ಎಂದು ತಮ್ಮ ಕಣ್ಣೆದುರು ತೋರಿಸುವವರೆಗೆ ಮೂರನೆಯ ಮಹಡಿಗೆ ಕರೆಂಟಿಲ್ಲ ಎಂದು ತೀರ್ಪಿತ್ತರು.

"ಉಷಾ, ಪಾಪ, ಈ ವರ್ಷಾನೂ ಟಾರ್ಚೇ ಗತಿ ಅನ್ಸುತ್ತೆ" ಎಂದು ಮನೋರಮಾ ಮೆಲ್ಲಗೆ ಹೇಳಿ ಕೆಳಗಿಳಿದರು.

ಉಷಾ ಗಂಡನನ್ನು ಬೈಯಲಿಲ್ಲ. ಸುಟ್ಟ ಸಾಲಿನ ಪಕ್ಕದಲ್ಲೇ ಕೂತಿದ್ದ ರಾಣಿಯ ಸೀರೆಗೆ ಕಿಡಿ ಹಾರಿದೆಯೇ ಎಂದು ಸೆರಗನ್ನು ಬಿಡಿಸಿ ಬಿಡಿಸಿ ನೋಡಿದಳು. ಬೈದಿದ್ದರೇ ಚೆನ್ನಾಗಿತ್ತು ಎನ್ನಿಸಿತು ಇಂದುಶೇಖರನಿಗೆ.

ಅವನು ಕಿಟಕಿಯ ಬೆಳಕಿನಲ್ಲಿ ಕೂತು ಯೋಚಿಸಿದ. ಅವಳು ಕೇಳಿದ್ದೇ ಸರಿಯಾದ ಪ್ರಶ್ನೆ. ಚಿಪ್ಪು ಮರೆತರೆ? ಮರೆಯಬೇಡ ಎಂದು ಅದಕ್ಕೆ ಹೇಳಿ ಪ್ರಯೋಜನವಿಲ್ಲ. ಮರೆತರೂ ಕೈ ತಾನಾಗಿ ಸರಿಯುವಂತೆ ಮಾಡಬೇಕು. ಅವನ ಡಬ್ಬಿಯಲ್ಲಿ ಹಿಡಿ ತುಂಬ ಪುಟ್ಟ ಕೆಪಾಸಿಟರ್‌ಗಳಿದ್ದವು. ಕೆಪಾಸಿಟರ್‌ಗೆ ಒಂದು ವಿಚಿತ್ರ ಗುಣ: ಬದಲಾಗುತ್ತಿರುವುದನ್ನು ಅದು ದಾಟಲು ಬಿಡುತ್ತದೆ, ಬದಲಾಗದೆ ನಿಂತದ್ದನ್ನು ತಡೆಯುತ್ತದೆ. ಚಿಪ್ಪಿಗೂ ಪ್ರತಿಯೊಂದು ಸಾಲಿನ ಸ್ವಿಚ್ಚಿಗೂ ಮಧ್ಯೆ ಒಂದೊಂದನ್ನು ಕೂರಿಸಿದರೆ, ಚಿಪ್ಪು ತಾಳ ಹಾಕುತ್ತಿರುವವರೆಗೆ ದೀಪ ಉರಿಯುತ್ತದೆ. ತಾಳ ತಪ್ಪಿ ನಿಂತರೆ, ನಿಂತ ಕ್ಷಣದಲ್ಲೇ ದೀಪವೂ ಆರುತ್ತದೆ. ಇದು ಹೊಳೆದಾಗ ಅವನಿಗೆ ಸ್ಪರ್ಧೆ, ಬತ್ರಾ, ಮನೋರಮಾ ಎಲ್ಲ ಮರೆತುಹೋಗಿ, ಮಗುವಿನಷ್ಟು ಸಂತೋಷವಾಯಿತು. ಬೆಸುಗೆ ಹಾಕಲು ಕರೆಂಟಿಲ್ಲದೆ, ಇನ್ವರ್ಟರ್ ಇದ್ದ ಎದುರು ಬ್ಲಾಕಿನ ಗೆಳೆಯನ ಮನೆಗೆ ಪ್ರಭಾವಳಿಯನ್ನು ತಲೆಯ ಮೇಲೆ ಹೊತ್ತು ನಡೆದ. ದಾರಿಯಲ್ಲಿ ಇಬ್ಬರು ಅವನಿಗೆ ಕೈಮುಗಿದರು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಸುಟ್ಟ ಸಾಲು ಬದಲಾಗಿ, ಹತ್ತು ಕಾವಲುಗಾರರು ಕೂತು, ಪ್ರಭಾವಳಿ ಮನೆಗೆ ಮರಳಿತು. ಬತ್ರಾ ತಪಾಸಣೆಗೆ ಬಂದರು. ಜಗನ್ನಾಥ ಕರೆಯದಿದ್ದರೂ ಬಂದರು. ಸ್ವಲ್ಪ ಹೊತ್ತಿಗೆಂದು ಕರೆಂಟು ಬಿಡಲಾಯಿತು.

"ಈಗ ನೋಡಿ, ಬತ್ರಾ ಜೀ. ಇದು ಕೆಲಸ ಮಾಡ್ತಿದೆ. ಬೇಕಂತಲೇ ನಾನಿದನ್ನ ಹಾಳು ಮಾಡ್ತೀನಿ" ಎಂದ ಇಂದುಶೇಖರ, ಜಗನ್ನಾಥ ಮಾಡಿದ ಹಾಗೆಯೇ ಲ್ಯಾಪ್‌ಟಾಪನ್ನು ಮುಚ್ಚಿದ. ಪ್ರಭಾವಳಿ ಆರಿತು. ವಾಸನೆಯಿಲ್ಲ, ಹೊಗೆಯಿಲ್ಲ. "ಬುಝ್ ಗಯಾ! ನೋಡಿದ್ರಾ? ಆರಿಹೋಯ್ತು!" ಎಂದು ಅವನು ಕೈ ತಟ್ಟಿದ.

"ವೋ ತೋ ದಿಖ್ ರಹಾ ಹೈ, ಆರಿದ್ದು ಕಾಣ್ತಿದೆ" ಎಂದರು ಬತ್ರಾ. "ರಿಪೇರಿ ಯಾವಾಗ ಆಗುತ್ತೆ?"

"ರಿಪೇರಿ ಅಲ್ಲ ಜೀ, ಆರೋದೇ ಇದರ ಸುರಕ್ಷತೆ!"

"ನಮ್ಮ ಸರ ಆರೋದೇ ಇಲ್ಲಪ್ಪ" ಎಂದರು ಜಗನ್ನಾಥ. "ಬತ್ರಾ ಮೇನ್ ಎಳೆದಾಗ ಬಿಟ್ರೆ, ನಿನ್ನೆಯಿಂದ ಉರೀತಿದೆ."

ಆರಿದ ದೀಪದಿಂದ ಕಟ್ಟಡಕ್ಕೆ ಬೆಂಕಿ ಬೀಳಲಾರದು ಎಂಬುದನ್ನು ಮಾತ್ರ ಬತ್ರಾ ಒಪ್ಪಿಕೊಂಡರು. ಕರೆಂಟು ಉಳಿಯಿತು. ಇಂದುಶೇಖರ ಚಿಪ್ಪಿಗೆ ಲ್ಯಾಪ್‌ಟಾಪಿನ ಅಪ್ಪಣೆಗಾಗಿ ಕಾಯದೆ ತಾನೇ ತಾಳ ಹಾಕಲು ಕಲಿಸಿ, ಪ್ರಭಾವಳಿಯನ್ನು ಅಟ್ಟದ ಕೆಳಗೆ ನಿಲ್ಲಿಸಿ, ಉಷಾಳನ್ನು ಕರೆದ.

ಅವಳು ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದವಳು ಅಲ್ಲೇ ನಿಂತಳು. ರಾಜನ ಪೇಟದ ಜರಿ, ರಾಣಿಯ ಸೀರೆಯ ಅಂಚು, ಇಬ್ಬರ ಕಣ್ಣಿನ ಕಪ್ಪು, ಎಲ್ಲ ನಿಚ್ಚಳವಾಗಿತ್ತು. ರಾಣಿಯ ಮೂಗಿನ ಮೇಲೆ ಸಾಸಿವೆಯಷ್ಟು ಏನೋ ಕೆಂಪಗೆ ಹೊಳೆಯಿತು.

"ಆ ಹರಳು ಅಮ್ಮ ಅಂಟಿಸಿದ್ದು ರೀ" ಎಂದಳು ಉಷಾ. "ಬಿದ್ದೇಹೋಗಿದೆ ಅಂದ್ಕೊಂಡಿದ್ದೆ."

ಇಂದುಶೇಖರನಿಗೆ ಈ ಒಂದು ಮಾತಿಗೆ ಇನ್ನೂ ಹತ್ತು ಸಾಲು ಸುಟ್ಟರೂ ಪರವಾಗಿಲ್ಲ ಅನ್ನಿಸಿತು. ಬಹುಮಾನ ಬಂದ ಹಾಗೆಯೇ ಎಂದು ಅವನು ಧೈರ್ಯ ತಂದುಕೊಳ್ಳುತ್ತಿರುವಾಗ, ಮೊಬೈಲ್ ಹಿಡಿದು ನಿಂತಿದ್ದ ಮಗಳು ಅನನ್ಯಾ ಕೂಗಿದಳು. ಕಾಲೇಜಿನಲ್ಲಿ ಓದುವ ಅವಳೇ ಸಂಜೆಯ ಕಾಲ್‌ಗೆ ಕ್ಯಾಮೆರಾ ಹಿಡಿಯುವವಳು.

"ಪಪ್ಪಾ, ಯೇ ದೇಖೋ! ಲೈನ್ಸ್ ಆ ರಹೀ ಹೈಂ!"

ಮೊಬೈಲಿನ ಪರದೆಯ ಮೇಲೆ ರಾಜಾರಾಣಿಯ ಮುಖದ ಮುಂದೆ ದಪ್ಪ ದಪ್ಪ ಕಪ್ಪು ಪಟ್ಟೆಗಳು ಮೇಲಿನಿಂದ ಕೆಳಕ್ಕೆ ಜಾರುತ್ತಿದ್ದವು. ಇಂದುಶೇಖರ ಕಣ್ಣೆತ್ತಿ ನೋಡಿದ, ಪಟ್ಟೆಯಿಲ್ಲ. ಮೊಬೈಲಿನಲ್ಲಿ ನೋಡಿದ, ಇದೆ. ಕಣ್ಣು, ಮೊಬೈಲು, ಮತ್ತೆ ಕಣ್ಣು. ಅವನ ಮುಖ ಅರಳಿತು.

"ಅಚ್ಛಾ! ಮೊಬೈಲು ಚಿತ್ರವನ್ನ ಒಂದೇ ಸಲ ನೋಡಲ್ಲ ಕಣೇ, ಮೇಲಿಂದ ಕೆಳಕ್ಕೆ ಗೆರೆ ಗೆರೆಯಾಗಿ ಓದುತ್ತೆ! ಅದು ಓದೋ ಗೆರೆಯ ಹೊತ್ತಿಗೆ ಸರಿಯಾಗಿ ನಮ್ಮ ದೀಪ ಆರಿದ್ರೆ ಅಲ್ಲಿ ಕಪ್ಪು. ಅಂದ್ರೆ ಕಣ್ಣನ್ನ ಮೋಸ ಮಾಡ್ಬಹುದು, ಇದನ್ನ ಆಗಲ್ಲ..."

"ಪಪ್ಪಾ, ಸೈನ್ಸ್ ಬಾದ್ ಮೇ, ಆಮೇಲೆ! ಇನ್ನು ಸ್ವಲ್ಪ ಹೊತ್ತಲ್ಲಿ ಕಾಲ್ ಇದೆ."

ಉಷಾ ಆ ಪರದೆಯನ್ನು ನೋಡಿದಳು. ಕಣ್ಣೆದುರು ಬೆಳಗುತ್ತಿದ್ದ ಅಮ್ಮನ ಗೊಂಬೆಗಳು ವಿಜಯಮ್ಮನವರಿಗೆ ಕಾಣುವುದು ಹೀಗೆ, ಜೈಲಿನ ಕಂಬಿಯ ಹಿಂದೆ ಕೂತವರ ಹಾಗೆ. ಅವಳು ತಿರುಗಿ ಒಳಗೆ ಹೋದಳು. ಇಂದುಶೇಖರನ ಸಂಶೋಧನೆ ಅಲ್ಲಿಗೆ ನಿಂತು ಬೆವರು ಶುರುವಾಯಿತು.

ಉಪಾಯವೇನೋ ಇತ್ತು. ತಾಳದ ವೇಗವನ್ನು ಹತ್ತಾರು ಪಟ್ಟು ಏರಿಸಿದರೆ, ಮೊಬೈಲು ಒಂದು ಗೆರೆ ಓದುವಷ್ಟರಲ್ಲಿ ದೀಪ ಹಲವು ಸಲ ಉರಿದು ಆರಿರುತ್ತದೆ, ಮೊಬೈಲೂ ಮೋಸಹೋಗುತ್ತದೆ. ಆದರೆ ಅಷ್ಟು ವೇಗಕ್ಕೆ ಚಿಪ್ಪಿಗೆ ಕಲಿಸಿದ್ದೆಲ್ಲವನ್ನೂ ತಿದ್ದಬೇಕು. ಅವನು ತಿದ್ದಿದ. ಮೊದಲ ಸಲ ಪ್ರಭಾವಳಿ ಉರಿಯಲೇ ಇಲ್ಲ. ಎರಡನೆಯ ಸಲ ಅರ್ಧ ಉರಿಯಿತು, ರಾಜ ಬೆಳಕಿನಲ್ಲಿ, ರಾಣಿ ಕತ್ತಲಲ್ಲಿ. ಪ್ರತಿ ಸಲವೂ ಚಿಪ್ಪು ಎಡವಿ ನಿಂತಾಗ ಕೆಪಾಸಿಟರ್‌ಗಳು ದೀಪವನ್ನು ಆರಿಸಿ ಕಾಪಾಡಿದವು. ಕೊನೆಗೆ ಅನನ್ಯಾಳ ಮೊಬೈಲಿನಲ್ಲಿ ಒಂದು ಪಟ್ಟೆಯೂ ಉಳಿಯದೆ, ರಾಣಿಯ ಮೂಗಿನ ಹರಳು ಮಿನುಗಿತು. ಅದೇ ಕ್ಷಣಕ್ಕೆ ಕಾಲ್ ಬಂತು.

ಪರದೆಯ ಮೂಲೆಯೊಂದರಲ್ಲಿ ವಿಜಯಮ್ಮ, ಮಂಡಿಯ ಕೆಳಗೆ ದಿಂಬು, ಮೂಗಿನ ತುದಿಯಲ್ಲಿ ಕನ್ನಡಕ. ಉಳಿದ ಮೂಲೆಗಳಲ್ಲಿ ಸಂಘದ ಹೆಂಗಸರು. ಮೊದಲ ಸರದಿಯೇ ಉಷಾಳದು. ಅನನ್ಯಾ ಮೊಬೈಲನ್ನು ಕೆಳಗಿನ ಮೆಟ್ಟಿಲಿನಿಂದ ಮೆಲ್ಲಗೆ ಮೇಲಕ್ಕೊಯ್ದು ರಾಜಾರಾಣಿಯ ಮುಂದೆ ನಿಲ್ಲಿಸಿದಳು.

"ಚೆನ್ನಾಗಿದೆ ಕಣೇ ಉಷಾ!" ಎಂದರು ವಿಜಯಮ್ಮ. "ರಾಣಿ ಎಷ್ಟು ಲಕ್ಷಣವಾಗಿದ್ದಾಳೆ. ಮೂಗುಬೊಟ್ಟು ಕೂಡ ಕಾಣುತ್ತೆ. ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ದೆ ಇವರನ್ನ?"

ಉಷಾ ಗಂಡನ ಕಡೆ ನೋಡಿದಳು. ಮದುವೆಯ ಫೋಟೋದಲ್ಲೂ ಅವಳು ಅವನನ್ನು ಹಾಗೆ ನೋಡಿರಲಿಲ್ಲ.

ಮೂರು ನಾಲ್ಕು ಮನೆಗಳ ಗೊಂಬೆಗಳಾದವು. ಯಾವುದೂ ಉಷಾಳದಕ್ಕೆ ಸಮನಾಗಿರಲಿಲ್ಲ. ಕೊನೆಗೆ ಮನೋರಮಾ ಅವರ ಮನೆ ಪರದೆಯ ಮೇಲೆ ತೆರೆದುಕೊಂಡಿತು. ಒಂಬತ್ತು ಮೆಟ್ಟಿಲು, ತುದಿಯಲ್ಲಿ ಪಟ್ಟದ ಗೊಂಬೆ, ಸುತ್ತ ಜಗನ್ನಾಥ ಮೊಳೆ ಹೊಡೆದು ನೇತುಹಾಕಿದ ಸರ. ಮತ್ತು ಅವೆಲ್ಲದರ ಮೇಲೆ, ಮೇಲಿನಿಂದ ಕೆಳಕ್ಕೆ ಜಾರುವ ಕಪ್ಪು ಪಟ್ಟೆಗಳು.

"ಪಪ್ಪಾ, ವಹೀ ಲೈನ್ಸ್, ಅದೇ!" ಎಂದು ಅನನ್ಯಾ ಪಿಸುಗುಟ್ಟಿದಳು.

ಇಂದುಶೇಖರನಿಗೆ ನಗು ತಡೆಯಲಾಗಲಿಲ್ಲ. ಗೋಡೆಯ ಕರೆಂಟು ಮಿಡಿದ ಹಾಗೆ ಮಿಡಿಯುವ ಸಾಮಾನ್ಯ ಸರ ಅದು. ಯಾರೂ ಕಲಿಸದೆಯೇ ಉರಿದು ಆರುತ್ತಿತ್ತು. ಅವನು ಈಗಷ್ಟೇ ಬೆವರು ಸುರಿಸಿ ತೊಲಗಿಸಿದ ದೋಷ ಅಲ್ಲಿ ರಾಜಾರೋಷವಾಗಿ ಮೆರೆಯುತ್ತಿತ್ತು. ಮೊಬೈಲು ಹಿಡಿದಿದ್ದ ಜಗನ್ನಾಥರಿಗೂ ಅದು ಕಂಡಿರಬೇಕು, "ಇದೇನಿದು, ಮೊಬೈಲ್ ಕೆಟ್ಟಿದೆಯೋ ಏನೋ" ಎಂದು ಗೊಣಗುವುದು ಕೇಳಿಸಿತು. ಮುಗಿಯಿತು ಇವರ ಕತೆ ಎಂದು ಇಂದುಶೇಖರ ಹೆಂಡತಿಯ ಭುಜ ತಟ್ಟಿದ.

ವಿಜಯಮ್ಮ ಕನ್ನಡಕ ಮೇಲೇರಿಸಿ ಪರದೆಗೆ ಮುಖ ಹತ್ತಿರ ತಂದರು.

"ಅಯ್ಯೋ ಮನೋರಮಾ! ಏನೇ ಇದು! ರಾಜಾರಾಣಿಗೆ ಚಾಮರ ಬೀಸಿದ ಹಾಗೆ ನೆರಳು ಓಡಾಡ್ತಿದೆಯಲ್ಲೇ! ಮೇಲಿಂದ ಕೆಳಕ್ಕೆ, ಮೇಲಿಂದ ಕೆಳಕ್ಕೆ... ಅರಮನೆ ದರ್ಬಾರೇ ಕಣ್ಮುಂದೆ ಬಂತು! ಇದನ್ನ ಯಾರು ಮಾಡಿದ್ದು?"

ಪರದೆಯ ಆಚೆ ಮನೋರಮಾ ತಮ್ಮ ಗೊಂಬೆಗಳ ಕಡೆ ತಿರುಗಿ ನೋಡಿದರು. ಅಲ್ಲಿ ಯಾವ ಚಾಮರವೂ ಇರಲಿಲ್ಲ. ಆದರೂ ಆಕೆ ಅನುಭವಸ್ಥೆ.

"ನಮ್ಮೋರೇ ಮಾಡಿದ್ದು ವಿಜಯಮ್ಮ. ತುಂಬಾ ತಲೆ ಉಪಯೋಗಿಸಿದ್ದಾರೆ."

ನಾಲ್ಕನೆಯ ವರ್ಷವೂ ಬಹುಮಾನ ಮನೋರಮಾ ಅವರಿಗೇ ಹೋಯಿತು. ಉಷಾಳ ಗೊಂಬೆ "ಸ್ವಚ್ಛವಾಗಿದೆ" ಎಂಬ ಮೆಚ್ಚುಗೆ ಪಡೆಯಿತು.

ಆ ಸಂಜೆ ಉಷಾ ಮತ್ತೆ ಪಾತ್ರೆಗಳನ್ನು ಕುಕ್ಕಿ ಕುಕ್ಕಿ ತೊಳೆದಳು. ಇಂದುಶೇಖರ ಹಾಲ್‌ನಲ್ಲಿ ಕೂತು ಅದನ್ನು ಕೇಳಿಸಿಕೊಂಡ. ಆಮೇಲೆ ಎದ್ದು, ಲ್ಯಾಪ್‌ಟಾಪ್ ತೆರೆದು, ಹಳೆಯ ವೇಗವನ್ನೇ ಮತ್ತೆ ಹಾಕಿ ಅವಳನ್ನು ಕರೆದ. "ಬಾ ಇಲ್ಲಿ. ಮೊಬೈಲಲ್ಲಿ ನೋಡು."

ಉಷಾ ನೋಡಿದಳು. ಅಮ್ಮನ ರಾಜಾರಾಣಿಯ ಮುಂದೆ ನೆರಳಿನ ಚಾಮರ ಬೀಸುತ್ತಿತ್ತು, ನಿಧಾನವಾಗಿ, ಕೆಳಗಿನ ಮನೆಯದಕ್ಕಿಂತ ಹೆಚ್ಚು ಠೀವಿಯಿಂದ. ಇಂದುಶೇಖರ ವೇಗವನ್ನು ಒಂದಿಷ್ಟು ಬದಲಿಸಿದ. ಚಾಮರ ಈಗ ಕೆಳಗಿನಿಂದ ಮೇಲಕ್ಕೆ ಬೀಸಿತು. ಉಷಾ ಬೆಳಗಿನಿಂದ ಮೊದಲ ಬಾರಿಗೆ ಬಾಯಿ ತುಂಬ ನಕ್ಕಳು. "ಇನ್ನೊಂದ್ಸಲ ಮಾಡಿ" ಎಂದು ವಿಡಿಯೋ ತೆಗೆದು, ಅವನು ಬೇಡ ಅನ್ನುವಷ್ಟರಲ್ಲಿ ಸಂಘದ ಗುಂಪಿಗೆ ಕಳಿಸಿಯೂಬಿಟ್ಟಳು.

ಸ್ವಲ್ಪ ಹೊತ್ತಿಗೆ ಗುಂಪಿನಲ್ಲಿ ವಿಜಯಮ್ಮನವರ ಧ್ವನಿಸಂದೇಶ ಬಂತು: "ಉಷಾ, ನೋಡ್ದೆ. ಮನೋರಮಾ ಮನೇದನ್ನ ನೋಡಿ ನೀನೂ ಮಾಡ್ಕೊಂಡ್ಯಾ? ಪರವಾಗಿಲ್ಲ, ನಕಲಾದ್ರೂ ಚೆನ್ನಾಗಿದೆ."

ಇಂದುಶೇಖರ ಮೊಬೈಲನ್ನು ಕಿತ್ತುಕೊಂಡು, ಬೆಳಗಿನಿಂದ ನಡೆದದ್ದನ್ನೆಲ್ಲ, ಹತ್ತು ಸಾಲು, ಐದು ಪಟ್ಟು ಕರೆಂಟು, ಕೆಪಾಸಿಟರ್ ಸಮೇತ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಬಹುಮಾನದ ಹೋಳಿಗೆಯ ತಟ್ಟೆ ಹಿಡಿದು ಜಗನ್ನಾಥ ನಿಂತಿದ್ದರು. ಅವರೂ ವಿಡಿಯೋ ನೋಡಿದ್ದರು.

"ಶಹಬ್ಬಾಸ್ ಇಂದುಶೇಖರ್!" ಎಂದು ಅವರು ಒಳಬಂದು, ಮೇಜಿನ ಮೇಲೆ ಸಮತಟ್ಟಾದ ಜಾಗ ಹುಡುಕುತ್ತಾ ಹೇಳಿದರು. "ಕೊನೆಗೂ ನನ್ನ ಮಾತು ಕೇಳಿ ಒಂದು ಸರ ತಂದ್ರಲ್ಲ. ಯಾವ ಅಂಗಡೀಲಿ ಸಿಕ್ತು?"

ಗಂಡ ವಿವರಿಸಲು ಶುರುಮಾಡಿದರೆ ಹೋಳಿಗೆ ತಣ್ಣಗಾಗುವುದು ಖಂಡಿತವೆಂದು ಉಷಾಳಿಗೆ ಗೊತ್ತಿತ್ತು. ಅವಳು ತಟ್ಟೆ ತೆಗೆದುಕೊಂಡಳು.

"ನೀವು ತಂದ ಅಂಗಡೀಲೇ" ಎಂದಳು.